ಕಾರ್ಯಸ್ಥಳದಲ್ಲಿ ಅಂತರ್ಜಾಲ ಆಧಾರಿತ ಆರೋಗ್ಯ ವರ್ಧನಾ ಕಾರ್ಯಕ್ರಮಗಳು: ನೌಕರರ ಮಾಹಿತಿಗಾಗಿ

ಪೀಠಿಕೆ

ಕಾರ್ಖಾನೆಗಳು, ಸಿದ್ಧ ಉಡುಪು ಘಟಕಗಳು, ಮಾಹಿತಿ ತಂತ್ರಜ್ಞಾನ ಕಂಪನಿಗಳು, ಬ್ಯಾಂಕುಗಳು ಮತ್ತು ಕಚೇರಿಗಳಲ್ಲಿ ದುಡಿಯುವವರಿಗಾಗಿ ಅಂತರ್ಜಾಲ ಹಾಗೂ ಮೊಬೈಲ್ ದೂರವಾಣಿಯ ಮೂಲಕ ನಡೆಯುವ ಆರೋಗ್ಯ ಕಾರ್ಯಕ್ರಮಗಳು ಇತ್ತೀಚಿನ ವರ್ಷಗಳಲ್ಲಿ ವ್ಯಾಪಕವಾಗಿವೆ. ಇವುಗಳಲ್ಲಿ ಕೆಲವನ್ನು ಸರ್ಕಾರವು ಉಚಿತವಾಗಿ ಒದಗಿಸಿದೆ. ಉಳಿದವುಗಳನ್ನು ಆಯಾ ಸಂಸ್ಥೆಯ ಆಡಳಿತವರ್ಗವು ಖಾಸಗಿ ಕಂಪನಿಗಳ ಮೂಲಕ ಏರ್ಪಡಿಸುತ್ತದೆ. ಪ್ರಶ್ನಾವಳಿ ತುಂಬುವುದು, ನಡೆದ ಹೆಜ್ಜೆಗಳನ್ನು ಎಣಿಸುವುದು, ಆಹಾರ ಮತ್ತು ನಿದ್ರೆಯ ವಿವರ ದಾಖಲಿಸುವುದು, ಯೋಗಾಭ್ಯಾಸದ ದೃಶ್ಯಾವಳಿ, ಆಪ್ತಸಮಾಲೋಚನೆ, ವೈದ್ಯರೊಡನೆ ದೂರ ಸಮಾಲೋಚನೆ ಇತ್ಯಾದಿಗಳು ಇವುಗಳ ಸಾಮಾನ್ಯ ಅಂಗಗಳಾಗಿವೆ.

ಆರೋಗ್ಯ ವರ್ಧನೆ ಎಂಬುದು ರೋಗಕ್ಕೆ ನೀಡುವ ಚಿಕಿತ್ಸೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 1986ರಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ನಡೆದ ಸಮ್ಮೇಳನವು ಅಂಗೀಕರಿಸಿದ ಸನ್ನದಿನ ಪ್ರಕಾರ, ಜನರು ತಮ್ಮ ಆರೋಗ್ಯದ ಮೇಲೆ ತಾವೇ ಹೆಚ್ಚಿನ ಹತೋಟಿ ಪಡೆಯಲು ಶಕ್ತರಾಗುವಂತೆ ಮಾಡುವುದೇ ಆರೋಗ್ಯ ವರ್ಧನೆಯಾಗಿದೆ. ಹತೋಟಿಯು ನೌಕರರದ್ದು ಎಂಬ ಅಂಶವು ಇಲ್ಲಿ ಮುಖ್ಯ. ಕಾರ್ಯಕ್ರಮಕ್ಕೆ ಸೇರುವ ನೌಕರರು ಅದರಿಂದ ಏನನ್ನು ಪಡೆಯಬಹುದು ಎಂಬುದರ ಜೊತೆಗೆ, ಅದರ ಸಲುವಾಗಿ ಯಾವ ಹಕ್ಕನ್ನೂ ಬಿಟ್ಟುಕೊಡಬೇಕಾಗಿಲ್ಲ ಎಂಬುದನ್ನೂ ತಿಳಿದಿರುವುದು ಅವಶ್ಯಕ.

ಪ್ರಶ್ನಾವಳಿ ಮತ್ತು ಅಂಕಗಳ ಅರ್ಥ

ಬಹುತೇಕ ಕಾರ್ಯಕ್ರಮಗಳು ಒಂದು ಪ್ರಶ್ನಾವಳಿಯಿಂದ ಆರಂಭವಾಗುತ್ತವೆ. ವಯಸ್ಸು, ಸೊಂಟದ ಸುತ್ತಳತೆ, ತಂಬಾಕು ಮತ್ತು ಮದ್ಯದ ಅಭ್ಯಾಸ, ದೈಹಿಕ ಶ್ರಮ, ತಂದೆ ತಾಯಿಯರಿಗೆ ಇರುವ ಕಾಯಿಲೆಗಳ ಬಗ್ಗೆ ಕೇಳಿ, ಕೊನೆಗೆ ಹಸಿರು, ಹಳದಿ ಅಥವಾ ಕೆಂಪು ಬಣ್ಣದಲ್ಲಿ ಫಲಿತಾಂಶ ತೋರಿಸಲಾಗುತ್ತದೆ. ಕೆಂಪು ಬಣ್ಣ ಕಂಡೊಡನೆ ಕಾಯಿಲೆ ಬಂದಿದೆಯೆಂದು ಗಾಬರಿಪಡುವುದೂ, ಹಸಿರು ಕಂಡು ನಿಶ್ಚಿಂತರಾಗುವುದೂ ಎರಡೂ ಸರಿಯಲ್ಲ. ಅಂಕವು ಸಂಭವನೀಯತೆಯನ್ನು ಸೂಚಿಸುತ್ತದೆಯೇ ಹೊರತು ರೋಗ ನಿರ್ಣಯವನ್ನಲ್ಲ.

ಉದಾಹರಣೆಗೆ, ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನವು ರೂಪಿಸಿ 2005ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ಅಪಾಯ ಅಂಕಪಟ್ಟಿಯನ್ನು ನೋಡಬಹುದು. ಇದರಲ್ಲಿ ನಾಲ್ಕೇ ಅಂಶಗಳಿದ್ದು, ರಕ್ತ ಪರೀಕ್ಷೆಯ ಅಗತ್ಯವಿಲ್ಲ. 35 ವರ್ಷದೊಳಗಿನವರಿಗೆ ಸೊನ್ನೆ, 35ರಿಂದ 49 ವರ್ಷದವರಿಗೆ 20, 50 ವರ್ಷ ತುಂಬಿದವರಿಗೆ 30 ಅಂಕ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅಂಕವಿಲ್ಲ. ಅಲ್ಲಿಂದ ಮುಂದಿನ 10 ಸೆಂಟಿಮೀಟರ್ ಒಳಗಿದ್ದರೆ 10, ಅದನ್ನೂ ಮೀರಿದರೆ 20. ನಿಯಮಿತ ವ್ಯಾಯಾಮ ಮತ್ತು ಶ್ರಮದ ಕೆಲಸ ಎರಡೂ ಇದ್ದವರಿಗೆ ಸೊನ್ನೆ, ಒಂದು ಮಾತ್ರ ಇದ್ದವರಿಗೆ 20, ಎರಡೂ ಇಲ್ಲದವರಿಗೆ 30. ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚು ಬಂದಲ್ಲಿ ಹೆಚ್ಚಿನ ಅಪಾಯ, 30ರಿಂದ 50 ಬಂದಲ್ಲಿ ಮಧ್ಯಮ ಅಪಾಯ ಎಂದು ಪರಿಗಣಿಸಲಾಗುತ್ತದೆ.

42 ವರ್ಷ ವಯಸ್ಸಿನ, ದಿನವಿಡೀ ಕುಳಿತು ಕೆಲಸ ಮಾಡುವ, ವ್ಯಾಯಾಮವಿಲ್ಲದ, 96 ಸೆಂಟಿಮೀಟರ್ ಸೊಂಟದ ಸುತ್ತಳತೆಯುಳ್ಳ ಪುರುಷ ನೌಕರರೊಬ್ಬರ ತಾಯಿಗೆ ಮಧುಮೇಹವಿದೆಯೆಂದು ಭಾವಿಸೋಣ. ಅವರ ಅಂಕ 20, 10, 30 ಮತ್ತು 10 ಸೇರಿ 70 ಆಗುತ್ತದೆ. ವಯಸ್ಸನ್ನಾಗಲಿ ತಾಯಿಯ ಕಾಯಿಲೆಯನ್ನಾಗಲಿ ಬದಲಿಸಲು ಸಾಧ್ಯವಿಲ್ಲ. ಆದರೆ ನಿಯಮಿತ ವ್ಯಾಯಾಮ ಆರಂಭಿಸಿದರೆ 10 ಅಂಕ, ಸುತ್ತಳತೆಯನ್ನು 90ಕ್ಕಿಂತ ಕೆಳಗಿಳಿಸಿದರೆ ಇನ್ನೂ 10 ಅಂಕ ಕಡಿಮೆಯಾಗಿ, ಅದೇ ವ್ಯಕ್ತಿ 50ಕ್ಕೆ ಬರುತ್ತಾರೆ. ಇಂತಹ ಪ್ರಶ್ನಾವಳಿಯ ನಿಜವಾದ ಉಪಯೋಗವು ಇಷ್ಟೇ: ಯಾವುದು ತನ್ನ ಕೈಯಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ.

ಹೆಚ್ಚಿನ ಅಪಾಯ ಕಂಡುಬಂದವರು ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಸರ್ಕಾರಿ ವ್ಯವಸ್ಥೆಯಲ್ಲಿ 30 ವರ್ಷ ತುಂಬಿದ ಎಲ್ಲರಿಗೂ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ರಕ್ತದೊತ್ತಡ, ಮಧುಮೇಹ ಮತ್ತು ಬಾಯಿಯ ಕ್ಯಾನ್ಸರ್, ಹಾಗೂ ಸ್ತ್ರೀಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಅವಕಾಶವಿದೆ. ಈ ತಪಾಸಣೆಗೆ ಮುನ್ನ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿಯೂ ಅಂಕಗಳಿದ್ದು, 4ಕ್ಕಿಂತ ಹೆಚ್ಚು ಅಂಕ ಬಂದವರನ್ನು ಆದ್ಯತೆಯ ಮೇರೆಗೆ ತಪಾಸಣೆಗೆ ಕಳುಹಿಸಲಾಗುತ್ತದೆ. ಕಂಪನಿಯ ತಂತ್ರಾಂಶದಲ್ಲಿ ಕೆಂಪು ಬಣ್ಣ ಕಂಡವರು ಕಂಪನಿಯು ಸೂಚಿಸಿದ ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಬಹುದು.

ಉಚಿತವಾಗಿ ದೊರೆಯುವ ಸರ್ಕಾರಿ ಸೇವೆಗಳು

ಸಂಸ್ಥೆಯಲ್ಲಿ ಯಾವುದೇ ಕಾರ್ಯಕ್ರಮ ಇಲ್ಲದಿದ್ದರೂ ನೌಕರರು ಈ ಕೆಳಕಂಡ ಸೇವೆಗಳನ್ನು ಸ್ವತಃ ಪಡೆಯಬಹುದಾಗಿದೆ.

ಟೆಲಿ ಮಾನಸ್: ಮಾನಸಿಕ ಒತ್ತಡ, ನಿದ್ರಾಹೀನತೆ, ದುಃಖ, ವ್ಯಸನ ಮೊದಲಾದ ವಿಷಯಗಳಿಗೆ 14416 ಅಥವಾ 1800 891 4416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯು ಹಗಲು ರಾತ್ರಿ ಲಭ್ಯವಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರವಾಗಿದೆ. ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವವರಿಗೆ ಆ ವೇಳೆಯಲ್ಲಿ ತೆರೆದಿರುವ ಸಲಹಾ ಕೇಂದ್ರಗಳು ಬೇರೆ ವಿರಳ. ಮೇಲಾಗಿ ಇದು ಸಂಸ್ಥೆಯ ವ್ಯವಸ್ಥೆಗೆ ಸಂಬಂಧಿಸಿದ್ದಲ್ಲ. ಮೇಲಧಿಕಾರಿಯ ವರ್ತನೆಯೇ ಒತ್ತಡಕ್ಕೆ ಕಾರಣವಾಗಿದ್ದಲ್ಲಿ, ಸಂಸ್ಥೆಯು ಗೊತ್ತುಪಡಿಸಿದ ಆಪ್ತಸಮಾಲೋಚಕರಿಗಿಂತ ಇಲ್ಲಿ ಮಾತನಾಡುವುದು ನೌಕರರಿಗೆ ಸುಲಭವೆನಿಸಬಹುದು.

ಇ-ಸಂಜೀವಿನಿ: ಕೇಂದ್ರ ಸರ್ಕಾರದ ಈ ದೂರ ವೈದ್ಯ ಸೇವೆಯ ಹೊರರೋಗಿ ವಿಭಾಗವು 2020ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿ, ಟೋಕನ್ ಪಡೆದು, ಸರದಿ ಬಂದಾಗ ವೈದ್ಯರನ್ನು ದೃಶ್ಯ ಕರೆಯಲ್ಲಿ ಕಾಣಬಹುದು. ಔಷಧ ಚೀಟಿಯನ್ನು ಮೊಬೈಲ್‌ನಲ್ಲಿಯೇ ಪಡೆಯಬಹುದು. 2020ರ ಮಾರ್ಚ್ 25ರ ದೂರ ವೈದ್ಯಕೀಯ ಮಾರ್ಗಸೂಚಿಯ ಪ್ರಕಾರ, ಸಲಹೆ ನೀಡುವವರು ನೋಂದಾಯಿತ ವೈದ್ಯರಾಗಿರಬೇಕು ಮತ್ತು ಔಷಧ ಚೀಟಿಯಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಈ ನಿಯಮವು ಖಾಸಗಿ ತಂತ್ರಾಂಶಗಳಿಗೂ ಅನ್ವಯಿಸುತ್ತದೆ. ನೋಂದಣಿ ಸಂಖ್ಯೆಯಿಲ್ಲದ ಚೀಟಿ ಬಂದಲ್ಲಿ ಔಷಧ ಕೊಳ್ಳುವ ಮುನ್ನ ವಿಚಾರಿಸತಕ್ಕದ್ದು. ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಅಥವಾ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪುವುದು ಇತ್ಯಾದಿ ಕಂಡುಬಂದಲ್ಲಿ ದೂರ ಸಮಾಲೋಚನೆಗೆ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.

ಯೋಗ ವಿರಾಮ: ಆಯುಷ್ ಸಚಿವಾಲಯವು ಕಾರ್ಯಸ್ಥಳದ ನೌಕರರಿಗಾಗಿ ರೂಪಿಸಿದ ಐದು ನಿಮಿಷಗಳ ‘ವೈ ಬ್ರೇಕ್’ ಅಭ್ಯಾಸದ ತಂತ್ರಾಂಶವನ್ನು 2021ರ ಸೆಪ್ಟೆಂಬರ್ 1ರಂದು ಬಿಡುಗಡೆ ಮಾಡಲಾಯಿತು. ಕೆಲವು ಸರಳ ಆಸನಗಳು, ಪ್ರಾಣಾಯಾಮ ಮತ್ತು ಧ್ಯಾನ ಇದರಲ್ಲಿವೆ. ಕತ್ತು, ಬೆನ್ನು, ಭುಜಗಳ ಬಿಗಿತ ಇರುವವರಿಗೆ ಉಪಯುಕ್ತ. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಆದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿ ಆರಂಭಿಸುವುದು ಒಳಿತು.

ತಂಬಾಕು ಬಿಡಲು ಬಯಸುವವರಿಗೆ 1800 11 2356 ಉಚಿತ ಸಹಾಯವಾಣಿ ಇದೆ. ಈ ಸಂಖ್ಯೆಯು ಸಿಗರೇಟು ಮತ್ತು ಗುಟ್ಕಾ ಪೊಟ್ಟಣಗಳ ಮೇಲೆಯೇ ಮುದ್ರಿತವಾಗಿರುತ್ತದೆ.

ಕಾನೂನುಬದ್ಧ ವೈದ್ಯಕೀಯ ತಪಾಸಣೆಗೆ ಪರ್ಯಾಯವಲ್ಲ

ಅಂತರ್ಜಾಲ ಕಾರ್ಯಕ್ರಮವನ್ನು ಏರ್ಪಡಿಸಿದ ಮಾತ್ರಕ್ಕೆ ನಿಯೋಜಕರ ಶಾಸನಬದ್ಧ ಹೊಣೆಯು ಪೂರ್ಣಗೊಳ್ಳುವುದಿಲ್ಲ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬ ಕೇಂದ್ರ ಶಾಸನವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, 1948ರ ಕಾರ್ಖಾನೆಗಳ ಅಧಿನಿಯಮವೂ ಸೇರಿದಂತೆ ಹಲವು ಹಳೆಯ ಕಾನೂನುಗಳ ಸ್ಥಾನವನ್ನು ಪಡೆದಿದೆ. ಇದರ 6ನೇ ಪ್ರಕರಣದ ಪ್ರಕಾರ, ಸೂಕ್ತ ಸರ್ಕಾರವು ನಿಯಮಿಸಿದ ವಯಸ್ಸಿನ ಅಥವಾ ವರ್ಗದ ನೌಕರರಿಗೆ ನಿಯೋಜಕರು ವಾರ್ಷಿಕ ವೈದ್ಯಕೀಯ ಪರೀಕ್ಷೆಯನ್ನು ಉಚಿತವಾಗಿ ಮಾಡಿಸತಕ್ಕದ್ದು. ವೃತ್ತಿಜನ್ಯ ರೋಗವನ್ನು ಪತ್ತೆ ಹಚ್ಚುವ ಪರೀಕ್ಷೆಯೂ ಸೇರಿದಂತೆ ಕಾರ್ಯಸ್ಥಳದ ಆರೋಗ್ಯ ಮತ್ತು ಸುರಕ್ಷತೆಗಾಗಿ ಮಾಡುವ ಯಾವುದೇ ವ್ಯವಸ್ಥೆಗೆ ನೌಕರರಿಂದ ಶುಲ್ಕ ಪಡೆಯುವಂತಿಲ್ಲ. ತಮ್ಮ ಕೆಲಸದ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ನಿಯೋಜಕರಿಂದ ಕೇಳಿ ಪಡೆಯುವ ಹಕ್ಕನ್ನು 14ನೇ ಪ್ರಕರಣವು ನೌಕರರಿಗೆ ನೀಡಿದೆ.

ಈ ವ್ಯತ್ಯಾಸವು ಕೇವಲ ಕಾಗದದ ಮಾತಲ್ಲ. ಕಲ್ಲು ಪುಡಿ ಮಾಡುವ ಘಟಕದಲ್ಲಿ ಅಥವಾ ಎರಕದ ಕಾರ್ಖಾನೆಯಲ್ಲಿ ಸಿಲಿಕಾ ಧೂಳನ್ನು ಸೇವಿಸುವ ಕೆಲಸಗಾರರಿಗೆ ಸಿಲಿಕೋಸಿಸ್ ಬರುವ ಸಂಭವವಿದೆ. ಶ್ವಾಸಕೋಶವನ್ನು ಗಟ್ಟಿಯಾಗಿಸುವ ಈ ಕಾಯಿಲೆಯು ವರ್ಷಗಟ್ಟಲೆ ಹೊರಗೆ ಕಾಣಿಸಿಕೊಳ್ಳದೆ ಬೆಳೆಯುತ್ತದೆ ಮತ್ತು ಒಮ್ಮೆ ಬಂದ ಮೇಲೆ ವಾಸಿಯಾಗುವುದಿಲ್ಲ. ಇದನ್ನು ಎದೆಯ ಕ್ಷಕಿರಣ ಚಿತ್ರ ಮತ್ತು ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆಯಿಂದ ಮಾತ್ರ ಗುರುತಿಸಬಹುದೇ ವಿನಾ, ‘ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ’ ಎಂದು ಕೇಳುವ ತಂತ್ರಾಂಶದಿಂದಲ್ಲ. ಹತ್ತಿ ಗಿರಣಿಯ ಧೂಳಿನಿಂದ ಬರುವ ಉಸಿರಾಟದ ಕಾಯಿಲೆ, ಪ್ರೆಸ್ ಯಂತ್ರಗಳ ಶಬ್ದದಿಂದ ಉಂಟಾಗುವ ಕಿವುಡು, ಬ್ಯಾಟರಿ ಘಟಕಗಳಲ್ಲಿನ ಸೀಸದ ವಿಷಬಾಧೆ ಇವುಗಳ ವಿಷಯವೂ ಹೀಗೆಯೇ. ಹೆಜ್ಜೆ ಎಣಿಸುವ ಸ್ಪರ್ಧೆಯಲ್ಲಿ ಬಹುಮಾನ ಪಡೆದವರಿಗೂ ಶ್ರವಣ ಪರೀಕ್ಷೆಯ ಅಗತ್ಯವಿರುತ್ತದೆ.

ಕಾಯಿಲೆ ರಜೆ ಮತ್ತು ಇ.ಎಸ್.ಐ. ಸೌಲಭ್ಯ

ತಿಂಗಳಿಗೆ 21,000 ರೂಪಾಯಿಗಳವರೆಗೆ (ಅಂಗವಿಕಲರಿಗೆ 25,000) ವೇತನ ಪಡೆಯುವ ನೌಕರರಿಗೆ ನೌಕರರ ರಾಜ್ಯ ವಿಮಾ ಯೋಜನೆಯು ಅನ್ವಯಿಸುತ್ತದೆ ಎಂದು 2017ರ ಜನವರಿ 1ರಿಂದ ಗೊತ್ತುಪಡಿಸಲಾಗಿದೆ. 2019ರ ಜುಲೈ 1ರಿಂದ ವಂತಿಗೆಯು ನೌಕರರಿಂದ ಶೇಕಡಾ 0.75, ನಿಯೋಜಕರಿಂದ ಶೇಕಡಾ 3.25 ಆಗಿದೆ. ಸಂಬಳ ಚೀಟಿಯಲ್ಲಿ ಈ ಕಡಿತವಿರುವ ನೌಕರರು ತಮಗೂ ಕುಟುಂಬದವರಿಗೂ ಚಿಕಿತ್ಸೆ ಪಡೆಯಲು ಅರ್ಹರು. ಕಂಪನಿಯು ಖಾಸಗಿ ಆರೋಗ್ಯ ತಂತ್ರಾಂಶ ನೀಡಿದೆ ಎಂಬ ಕಾರಣಕ್ಕೆ ಈ ಅರ್ಹತೆಯು ಕಡಿಮೆಯಾಗುವುದಿಲ್ಲ.

ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇಕಡಾ 70ರ ದರದಲ್ಲಿ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ಕಾಯಿಲೆ ಸೌಲಭ್ಯ ದೊರೆಯುತ್ತದೆ. ಇದಕ್ಕಾಗಿ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಪಾವತಿಯಾಗಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯು ಮುಂದಿನ ಜನವರಿಯಿಂದ ಜೂನ್‌ವರೆಗಿನ ಸೌಲಭ್ಯಕ್ಕೂ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗಿನ ಸೌಲಭ್ಯಕ್ಕೂ ಲೆಕ್ಕವಾಗುತ್ತದೆ. ಕ್ಷಯ, ಕ್ಯಾನ್ಸರ್, ಕೆಲವು ಮಾನಸಿಕ ಕಾಯಿಲೆಗಳೂ ಸೇರಿದಂತೆ ಪಟ್ಟಿಮಾಡಿದ ದೀರ್ಘಕಾಲೀನ ರೋಗಗಳಿಗೆ ಶೇಕಡಾ 80ರ ದರದಲ್ಲಿ ಎರಡು ವರ್ಷಗಳವರೆಗೆ ವಿಸ್ತರಿತ ಸೌಲಭ್ಯವಿದೆ.

ಇಲ್ಲಿ ನೌಕರರು ಹೆಚ್ಚಾಗಿ ಎಡವುವುದು ಪ್ರಮಾಣಪತ್ರದ ವಿಷಯದಲ್ಲಿ. ತಂತ್ರಾಂಶದ ಮೂಲಕ ವೈದ್ಯರು ಮೂರು ದಿನ ವಿಶ್ರಾಂತಿ ಪಡೆಯಲು ಹೇಳಿದ ಸಂದೇಶವನ್ನು ಕಂಪನಿಯು ರಜೆಗಾಗಿ ಒಪ್ಪಬಹುದು, ಆದರೆ ಇ.ಎಸ್.ಐ. ನಗದು ಸೌಲಭ್ಯಕ್ಕೆ ಸಾಮಾನ್ಯವಾಗಿ ಆ ಯೋಜನೆಯ ವೈದ್ಯಾಧಿಕಾರಿ ನೀಡುವ ಪ್ರಮಾಣಪತ್ರವೇ ಬೇಕು. ಆದುದರಿಂದ ಹಲವು ದಿನ ರಜೆ ಬೇಕಾಗುವ ಕಾಯಿಲೆಯಾದಲ್ಲಿ ಮೊದಲ ದಿನವೇ ತಮ್ಮ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗುವುದು ಸೂಕ್ತ. ವಿವರಗಳಿಗೆ 1800 11 2526 ಉಚಿತ ದೂರವಾಣಿಯನ್ನು ಸಂಪರ್ಕಿಸಬಹುದು.

ಮಾಹಿತಿಯ ಗೌಪ್ಯತೆ

ಮಧುಮೇಹ, ಗರ್ಭಧಾರಣೆ, ಖಿನ್ನತೆ, ಮದ್ಯಪಾನ ಇವುಗಳ ಬಗ್ಗೆ ಪ್ರಶ್ನಾವಳಿಯಲ್ಲಿ ಬರೆದದ್ದನ್ನು ಮೇಲಧಿಕಾರಿ ನೋಡುವರೇ, ಬಡ್ತಿಗೆ ಅಥವಾ ಗುತ್ತಿಗೆ ನವೀಕರಣಕ್ಕೆ ಅದು ಅಡ್ಡಿಯಾಗುವುದೇ ಎಂಬ ಅಂಜಿಕೆ ಬಹಳ ಮಂದಿಗೆ ಇರುತ್ತದೆ. ಅಂಜಿಕೆಯಿಂದ ಸುಳ್ಳು ಉತ್ತರ ಬರೆಯುವವರೂ ಉಂಟು. ಸುಳ್ಳು ಉತ್ತರಕ್ಕೆ ಬರುವ ಹಸಿರು ಬಣ್ಣದಿಂದ ಯಾರಿಗೂ ಪ್ರಯೋಜನವಿಲ್ಲವಾದ ಕಾರಣ, ಉತ್ತರಿಸುವ ಮುನ್ನವೇ ವಿಚಾರಿಸುವುದು ಮೇಲು.

ಮಾಹಿತಿ ತಂತ್ರಜ್ಞಾನ ಅಧಿನಿಯಮದಡಿಯ 2011ರ ನಿಯಮಗಳು ದೈಹಿಕ ಮತ್ತು ಮಾನಸಿಕ ಆರೋಗ್ಯ ಸ್ಥಿತಿಯನ್ನೂ ವೈದ್ಯಕೀಯ ದಾಖಲೆಗಳನ್ನೂ ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಪರಿಗಣಿಸಿವೆ. ಕಂಪನಿಗಳು ಇಂತಹ ಮಾಹಿತಿಯನ್ನು ಪಡೆಯಲು ಲಿಖಿತ ಸಮ್ಮತಿ ಬೇಕು. ಮಾಹಿತಿ ಕೊಡದಿರುವ, ಕೊಟ್ಟದ್ದನ್ನು ನೋಡಿ ತಿದ್ದಿಸುವ ಹಾಗೂ ಸಮ್ಮತಿಯನ್ನು ಲಿಖಿತವಾಗಿ ಹಿಂಪಡೆಯುವ ಅವಕಾಶ ಇರಬೇಕು. ದೂರು ಆಲಿಸುವ ಅಧಿಕಾರಿಯ ಹೆಸರನ್ನು ಪ್ರಕಟಿಸಿರಬೇಕು. ಇದರ ಬದಲಿಗೆ ಬರುತ್ತಿರುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಸಂಸ್ಥೆಗಳ ಪ್ರಮುಖ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಹೊಸ ಅಧಿನಿಯಮದ 7ನೇ ಪ್ರಕರಣವು ‘ಉದ್ಯೋಗದ ಉದ್ದೇಶ’ಗಳಿಗಾಗಿ ಪ್ರತ್ಯೇಕ ಸಮ್ಮತಿಯಿಲ್ಲದೆ ಮಾಹಿತಿ ಬಳಸಲು ಕೆಲವು ಸಂದರ್ಭಗಳಲ್ಲಿ ಅವಕಾಶ ನೀಡಿದೆ ಎಂಬುದನ್ನು ನೌಕರರು ಗಮನಿಸತಕ್ಕದ್ದು. ಆದುದರಿಂದ ಕಾನೂನು ಇದೆಯೆಂದು ಸುಮ್ಮನಿರದೆ, ಕಾರ್ಯಕ್ರಮದ ಷರತ್ತುಗಳನ್ನು ಓದುವುದು ಮುಂದೆಯೂ ಅವಶ್ಯಕವಾಗಿಯೇ ಉಳಿಯುತ್ತದೆ.

ನೋಂದಣಿಗೆ ಮುನ್ನ ಮಾನವ ಸಂಪನ್ಮೂಲ ವಿಭಾಗವನ್ನು ಲಿಖಿತವಾಗಿ, ಇ-ಅಂಚೆಯ ಮೂಲಕವಾದರೂ ಸರಿ, ಕೇಳಬೇಕಾದದ್ದು ಹೆಚ್ಚೇನಿಲ್ಲ. ಆಡಳಿತವರ್ಗಕ್ಕೆ ತಲುಪುವುದು ಒಬ್ಬೊಬ್ಬರ ಹೆಸರಿನ ಮಾಹಿತಿಯೋ ಅಥವಾ ಇಡೀ ಸಂಸ್ಥೆಯ ಒಟ್ಟು ಲೆಕ್ಕವೋ? ವಿಮಾ ಕಂಪನಿಗೆ ಅದನ್ನು ಕೊಡಲಾಗುವುದೇ? ನೌಕರರು ಕೆಲಸ ಬಿಟ್ಟ ನಂತರ ಅದನ್ನು ಅಳಿಸಲಾಗುವುದೇ? ಒಟ್ಟು ಲೆಕ್ಕ ಎಂಬ ಉತ್ತರ ಬಂದರೂ, ಆರು ಜನರಿರುವ ವಿಭಾಗದಲ್ಲಿ ‘ಒಬ್ಬರಿಗೆ ತೀವ್ರ ಖಿನ್ನತೆ’ ಎಂಬ ವರದಿಯು ಹೆಸರನ್ನೇ ಹೇಳಿದಂತೆ. ಸಣ್ಣ ವಿಭಾಗಗಳ ಲೆಕ್ಕವನ್ನು ಬೇರೆಯಾಗಿ ತೋರಿಸುವುದಿಲ್ಲವೆಂಬ ಭರವಸೆಯನ್ನೂ ಕೇಳಬಹುದು.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣದಂತೆ ಚಿಕಿತ್ಸೆ ಪಡೆಯುವವರ ಮಾನಸಿಕ ಆರೋಗ್ಯದ ಮಾಹಿತಿಯನ್ನು ಆರೈಕೆ ನೀಡುವವರು ಗೌಪ್ಯವಾಗಿಡತಕ್ಕದ್ದು. ಪ್ರಾಣಾಪಾಯ ತಪ್ಪಿಸುವಂತಹ ಕೆಲವು ಸಂದರ್ಭಗಳು ಇದಕ್ಕೆ ಅಪವಾದ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ, 2017ರ ಪ್ರಕಾರ ಉದ್ಯೋಗ ಪಡೆಯಲು ಎಚ್‌ಐವಿ ಪರೀಕ್ಷೆಯನ್ನು ಪೂರ್ವ ಷರತ್ತಾಗಿ ವಿಧಿಸುವಂತಿಲ್ಲ.

ಪ್ರಶ್ನಾವಳಿ ತುಂಬದವರ ಸಂಬಳ ಕಡಿತ ಮಾಡಲಾಗುವುದು ಎಂಬ ಸೂಚನೆ ಬಂದಲ್ಲಿ, ವೇತನ ಸಂಹಿತೆ, 2019ರ 18ನೇ ಪ್ರಕರಣವನ್ನು ಗಮನಿಸಬಹುದು. ಅಲ್ಲಿ ಪಟ್ಟಿಮಾಡಿರುವ ಕಡಿತಗಳನ್ನು ಮಾತ್ರ ಮಾಡಬಹುದಾಗಿದ್ದು, ದಂಡವನ್ನೂ ಸರ್ಕಾರದ ಅನುಮೋದನೆ ಇರುವ ಕೃತ್ಯಗಳಿಗೆ ಮಾತ್ರ ವಿಧಿಸಬಹುದು. ಇಂತಹ ದೂರುಗಳನ್ನು ಆಯಾ ವ್ಯಾಪ್ತಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಸಲ್ಲಿಸಬಹುದು.

ಕಾರ್ಯಕ್ರಮದ ಫಲ

ಅಮೆರಿಕದ ಒಂದು ಸಗಟು ಮಾರಾಟ ಸಂಸ್ಥೆಯ 160 ತಾಣಗಳ ಸುಮಾರು 33,000 ನೌಕರರನ್ನು ಒಳಗೊಂಡ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಆಯ್ದ 20 ತಾಣಗಳಲ್ಲಿ ಆರೋಗ್ಯ ಕಾರ್ಯಕ್ರಮ ನಡೆಸಿ 18 ತಿಂಗಳ ನಂತರ ನೋಡಿದಾಗ, ಅಲ್ಲಿನವರು ವ್ಯಾಯಾಮ ಮತ್ತು ತೂಕದ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಿರುವುದಾಗಿ ತಿಳಿಸಿದರು. ಆದರೆ ರಕ್ತದೊತ್ತಡ, ಕೊಲೆಸ್ಟರಾಲ್, ವೈದ್ಯಕೀಯ ವೆಚ್ಚ, ಗೈರುಹಾಜರಿ ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಕಾರ್ಯಕ್ರಮಗಳು ನಿರುಪಯುಕ್ತವೆಂದು ಇದರ ಅರ್ಥವಲ್ಲ. ಕೆಲಸದ ರೀತಿ ಬದಲಾಗದೆ ನೌಕರರ ಅಭ್ಯಾಸ ಮಾತ್ರ ಬದಲಾಗಬೇಕೆಂದು ನಿರೀಕ್ಷಿಸುವುದರ ಮಿತಿಯನ್ನು ಇದು ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಕಾರ್ಯಸ್ಥಳದ ಮಾನಸಿಕ ಆರೋಗ್ಯ ಮಾರ್ಗಸೂಚಿಯೂ ಕೆಲಸದ ಹೊರೆ ಮತ್ತು ವೇಳೆಯಂತಹ ಸಾಂಸ್ಥಿಕ ಕಾರಣಗಳನ್ನು ಸರಿಪಡಿಸಲು ಹಾಗೂ ಮೇಲ್ವಿಚಾರಕರಿಗೆ ತರಬೇತಿ ನೀಡಲು ಶಿಫಾರಸು ಮಾಡಿದೆ. ನೀರು ಕುಡಿಯಲು ನೆನಪಿಸುವ ತಂತ್ರಾಂಶವಿದ್ದು, ಶೌಚಾಲಯಕ್ಕೆ ಹೋಗಲು ಮೇಲ್ವಿಚಾರಕರ ಅನುಮತಿ ಕಾಯಬೇಕಾದ ಹೊಲಿಗೆ ಸಾಲಿನಲ್ಲಿ ಆ ತಂತ್ರಾಂಶದಿಂದ ಆಗುವ ಉಪಕಾರ ಅಲ್ಪ.

ಯಂತ್ರಗಳ ಬಳಿ ಮೊಬೈಲ್ ಒಯ್ಯಲು ನಿರ್ಬಂಧವಿರುವ ಘಟಕಗಳಲ್ಲಿ, ನಿಯೋಜಕರು ಕೆಲಸದ ಅವಧಿಯಲ್ಲಿಯೇ ಪ್ರತ್ಯೇಕ ಸಮಯ ಮತ್ತು ಮರೆಯಿರುವ ಸ್ಥಳವನ್ನು ಒದಗಿಸುವುದು ಸೂಕ್ತ. ಪ್ರಶ್ನಾವಳಿಯು ಕನ್ನಡದಲ್ಲಿಯೂ, ಹೊರ ರಾಜ್ಯದ ಕೆಲಸಗಾರರಿರುವಲ್ಲಿ ಅವರ ಭಾಷೆಯಲ್ಲಿಯೂ ಇರಬೇಕು. ಓದಲು ಬಾರದವರ ಪರವಾಗಿ ಮೇಲ್ವಿಚಾರಕರೇ ಉತ್ತರ ತುಂಬುವ ಪದ್ಧತಿಯಲ್ಲಿ ಗೌಪ್ಯತೆ ಉಳಿಯುವುದಿಲ್ಲ. ಆ ಕೆಲಸವನ್ನು ಶುಶ್ರೂಷಕರಿಗೆ ವಹಿಸಬಹುದು.

ಕೆಲಸ ಬದಲಾಯಿಸುವಾಗ

ಕಚೇರಿಯ ಇ-ಅಂಚೆ ವಿಳಾಸದಿಂದ ನೋಂದಾಯಿಸಿದ್ದಲ್ಲಿ, ಕೆಲಸ ಬಿಟ್ಟ ದಿನವೇ ಆ ವಿಳಾಸವು ರದ್ದಾಗಿ ವೈದ್ಯಕೀಯ ವರದಿಗಳು ಕೈತಪ್ಪುವ ಸಂಭವವಿದೆ. ಆದುದರಿಂದ ಆರಂಭದಲ್ಲಿಯೇ ಸ್ವಂತ ಮೊಬೈಲ್ ಸಂಖ್ಯೆ ಮತ್ತು ಸ್ವಂತ ಇ-ಅಂಚೆ ವಿಳಾಸ ನೀಡುವುದು ಉತ್ತಮ. ರಾಜೀನಾಮೆ ನೀಡುವ ಮುನ್ನ ರಕ್ತ ಪರೀಕ್ಷೆ, ಕ್ಷಕಿರಣ ಮತ್ತು ಶ್ರವಣ ಪರೀಕ್ಷೆಯ ವರದಿಗಳ ಪ್ರತಿಗಳನ್ನು ಪಡೆದಿಟ್ಟುಕೊಳ್ಳತಕ್ಕದ್ದು. ವೃತ್ತಿಜನ್ಯ ರೋಗವು ವರ್ಷಗಳ ನಂತರ ಪತ್ತೆಯಾದಲ್ಲಿ, ಯಾವ ಕೆಲಸದ ಅವಧಿಯಲ್ಲಿ ಅದು ಆರಂಭವಾಯಿತೆಂದು ತೋರಿಸಲು ಈ ಪ್ರತಿಗಳೇ ಆಧಾರವಾಗುತ್ತವೆ. 2021ರ ಸೆಪ್ಟೆಂಬರ್ 27ರಂದು ರಾಷ್ಟ್ರಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನದ 14 ಅಂಕಿಗಳ ‘ಆಭಾ’ ಸಂಖ್ಯೆಗೆ ವರದಿಗಳನ್ನು ಜೋಡಿಸಿಕೊಳ್ಳಲೂ ಅವಕಾಶವಿದೆ. ಸದರಿ ಸಂಖ್ಯೆಯನ್ನು ಪಡೆಯುವುದು ಐಚ್ಛಿಕವಾಗಿದ್ದು, ಯಾವ ವರದಿಯನ್ನು ಯಾರಿಗೆ ತೋರಿಸಬೇಕೆಂಬುದನ್ನು ಸಂಖ್ಯೆಯನ್ನು ಹೊಂದಿರುವವರೇ ನಿರ್ಧರಿಸುತ್ತಾರೆ. ಪ್ರತಿಗಳನ್ನು ಪಡೆದ ನಂತರ, ಸಮ್ಮತಿಯನ್ನು ಹಿಂಪಡೆಯುತ್ತಿರುವುದಾಗಿ ಕಾರ್ಯಕ್ರಮ ನಡೆಸುವ ಕಂಪನಿಗೆ ಒಂದು ಸಾಲಿನ ಪತ್ರ ಬರೆದು, ಸ್ವೀಕೃತಿಯನ್ನು ಇಟ್ಟುಕೊಳ್ಳಬಹುದು.